ಮಕ್ಕಳ ಜೊತೆ ಶ್ರೀಲಂಕಾಕ್ಕೆ: ಒಂದು ಕೆರೆಯ ಜಾಡು ಹಿಡಿದು ಏಳು ದಿನ

ಶ್ರೀಲಂಕಾಕ್ಕೆ ಹೋಗಿ ಬಂದ ಮಗುವನ್ನು "ಏನೇನು ನೋಡಿದೆ ಪುಟ್ಟಾ?" ಅಂತ ಕೇಳಿ ನೋಡಿ. "ಹೋಟೆಲಿನಲ್ಲಿ ಸ್ವಿಮ್ಮಿಂಗ್ ಪೂಲ್ ಇತ್ತು" ಅನ್ನುತ್ತದೆ. ನಮ್ಮ ಮಗಳು ಮೊದಲ ಸಲ ಹೇಳಿದ್ದೂ ಅದೇ. ಏಳು ದಿನದಲ್ಲಿ ಹನ್ನೊಂದು ಜಾಗ ತೋರಿಸಿದ್ದೆವು. ಅವಳಿಗೆ ನೆನಪಿದ್ದದ್ದು ಪೂಲ್, ಕಾರಿನ ವಾಂತಿ, ಒಂದು ಕೋತಿ.

ಎರಡನೇ ಸಲ ಹೋದಾಗ ಕ್ರಮ ಬದಲಿಸಿದೆವು. ಆಮೇಲೆ ಗೆಳೆಯರಿಗೆ ಹೇಳಿಕೊಟ್ಟೆ. ಅವರೂ ಅದೇ ನಾಲ್ಕೈದು ಕಡೆ ಎಡವಿದರು. ಹಾಗಾಗಿ ಇದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ. 7ರಿಂದ 13 ವರ್ಷದ ಮಕ್ಕಳಿಗೆ ಇದು ಸರಿಹೊಂದುತ್ತದೆ. ಇನ್ನೂ ಚಿಕ್ಕವರಾದರೆ 7 ಮತ್ತು 9ನೇ ಹಂತ ಸಾಕು.

ಹಂತ 1: ಟಿಕೆಟ್‌ಗಿಂತ ಮೊದಲು ಪ್ರಶ್ನೆ

ಎಲ್ಲರೂ ಮೊದಲು ಟಿಕೆಟ್ ತೆಗೆಯುತ್ತಾರೆ. ಆಮೇಲೆ ಹೋಟೆಲ್, ಆಮೇಲೆ ನೋಡುವ ಜಾಗಗಳ ಪಟ್ಟಿ. ಹೊರಡುವ ಹಿಂದಿನ ರಾತ್ರಿ "ಮಗು ಏನಾದರೂ ಕಲಿಯಲಿ" ಅಂತ ಒಂದು ನೋಟ್‌ಬುಕ್ ಚೀಲಕ್ಕೆ ತುರುಕುತ್ತಾರೆ. ಆ ನೋಟ್‌ಬುಕ್ ಖಾಲಿಯಾಗಿಯೇ ವಾಪಸ್ ಬರುತ್ತದೆ.

ಮೊದಲು ಒಂದು ಪ್ರಶ್ನೆ ಹುಡುಕಿ. ಒಂದೇ ಒಂದು. "ಶ್ರೀಲಂಕಾದ ಸಂಸ್ಕೃತಿ ಎಂಥದ್ದು?" ಅನ್ನುವುದು ಮಗುವಿನ ಪ್ರಶ್ನೆ ಅಲ್ಲ, ಪರೀಕ್ಷೆಯ ಪ್ರಶ್ನೆ. ನಾವು ಇಟ್ಟುಕೊಂಡದ್ದು ಇದು: "ವರ್ಷದಲ್ಲಿ ಕೆಲವೇ ತಿಂಗಳು ಮಳೆ ಬರುವ ಕಡೆ ಅನುರಾಧಪುರದಂಥ ದೊಡ್ಡ ಹಳೆಯ ಪಟ್ಟಣಕ್ಕೆ ನೀರು ಎಲ್ಲಿಂದ ಬಂತು?"

ಇದನ್ನೇ ಆರಿಸಲು ಕಾರಣ ಇದೆ. ಶ್ರೀಲಂಕಾದ ಉತ್ತರ ಮತ್ತು ಪೂರ್ವದ ಬಯಲು ಒಣ ಸೀಮೆ. ಅಲ್ಲಿ ಸಾವಿರಾರು ಕೆರೆಗಳಿವೆ. ನಮ್ಮ ಮಕ್ಕಳಿಗೆ ಕೆರೆ ಅಂದರೆ ಏನು ಅಂತ ಗೊತ್ತು. ಗೊತ್ತಿರುವುದರಿಂದ ಗೊತ್ತಿಲ್ಲದ ಕಡೆ ಹೋಗುವುದು ಸುಲಭ, ಅಲ್ವಾ?

ನಿಮ್ಮ ಮಗುವಿಗೆ ರೈಲು ಇಷ್ಟ, ಇಲ್ಲವೇ ಆನೆ ಇಷ್ಟ ಅಂದರೆ ಅದನ್ನೇ ಪ್ರಶ್ನೆ ಮಾಡಿಕೊಳ್ಳಿ. ಹಂತಗಳು ಇವೇ. ಪ್ರಶ್ನೆ ಸರಿಯಾಗಿದೆಯಾ ಅಂತ ಹೀಗೆ ನೋಡಿ: ಮೊಬೈಲ್ ಇಲ್ಲದೆ, ಕಣ್ಣು, ಕೈ ಮತ್ತು ಬಾಯಿಂದ ಅರ್ಧದಷ್ಟಾದರೂ ಉತ್ತರ ಸಿಗಬೇಕು.

ಹಂತ 2: ಒಂದು ಭಾನುವಾರ ನಿಮ್ಮದೇ ಕೆರೆಗೆ

ಈ ಹಂತ ಬಿಟ್ಟವರ ಮಕ್ಕಳು ಪೊಳನ್ನರುವ ಅನ್ನುವ ಹಳೆಯ ಪಟ್ಟಣದ 'ಪರಾಕ್ರಮ ಸಮುದ್ರ' ಕೆರೆಯ ಮುಂದೆ ನಿಂತು "ದೊಡ್ಡ ಲೇಕ್" ಅಂತಾರೆ, ಮುಗೀತು.

ಹೊರಡುವ ಒಂದು ತಿಂಗಳು ಮೊದಲು ಹತ್ತಿರದ ಹಳ್ಳಿಯ ಕೆರೆಗೆ ಹೋಗಿ. ಬೆಂಗಳೂರಿನವರು ಕೋಲಾರ ಅಥವಾ ತುಮಕೂರಿನ ಕಡೆ ಹೋದರೆ ಒಳ್ಳೆಯದು. ನಗರದ ಕೆರೆಗಳಲ್ಲಿ ವಾಕಿಂಗ್ ಟ್ರ್ಯಾಕ್ ಕಾಣುತ್ತದೆ, ತೂಬು ಕಾಣುವುದಿಲ್ಲ.

ಮೂರು ಪದಗಳನ್ನು ಮಗು ತೋರಿಸಿ ಹೇಳುವಂತಾಗಬೇಕು. ನೀರನ್ನು ತಡೆಯುವ ಮಣ್ಣಿನ ದಿಬ್ಬ ಏರಿ. ಗದ್ದೆಗೆ ನೀರು ಬಿಡುವ ಕಿಂಡಿ ತೂಬು. ತುಂಬಿದ ಮೇಲೆ ನೀರು ಹರಿದು ಹೋಗುವ ಜಾಗ ಕೋಡಿ. ಆಮೇಲೆ ಚಿತ್ರ ಬರೆಸಿ. ಊರಿನಲ್ಲಿ ನೀರುಗಂಟಿಯನ್ನು ನೆನಪಿರುವ ಹಿರಿಯರು ಸಿಕ್ಕರೆ "ತೂಬು ಯಾರು ತೆಗೀತಿದ್ರು, ಜಗಳ ಆದ್ರೆ ಏನ್ ಮಾಡ್ತಿದ್ರು" ಅಂತ ಮಗುವೇ ಕೇಳಲಿ. ನೀವು ಪಕ್ಕದಲ್ಲಿ ಸುಮ್ನೆ ನಿಲ್ಲಿ. ಶ್ರೀಲಂಕಾದ ಹಳ್ಳಿಗಳಲ್ಲೂ ನೀರು ಹಂಚುವ ಇಂಥದ್ದೇ ಹಿರಿಯ ಇರುತ್ತಿದ್ದ. ಅವನನ್ನು 'ವೆಲ್ ವಿದಾನೆ' ಅನ್ನುತ್ತಿದ್ದರು. ಈ ಹೆಸರನ್ನು ಈಗಲೇ ಹೇಳಬೇಡಿ. ಅಲ್ಲಿ ಹೋಗಿ ಮಗುವೇ ಕಂಡುಕೊಳ್ಳಲಿ.

ಹಂತ 3: ದಿನಾಂಕ

ನಮ್ಮ ಬೇಸಿಗೆ ರಜೆಯಲ್ಲಿ ಒಂದು ಗುಂಡಿ ಇದೆ. ಏಪ್ರಿಲ್ 13, 14ರ ಹೊತ್ತಿಗೆ ಸಿಂಹಳ ಮತ್ತು ತಮಿಳು ಹೊಸ ವರ್ಷ. ಅಂಗಡಿ, ಹೋಟೆಲ್ ಬಾಗಿಲು ಹಾಕುತ್ತವೆ. ಡ್ರೈವರ್‌ಗಳು ಊರಿಗೆ ಹೋಗಿರುತ್ತಾರೆ. ಯಾರದಾದರೂ ಮನೆಗೆ ಕರೆದಿದ್ದರೆ ಆ ದಿನಗಳು ಚೆನ್ನ. ಇಲ್ಲದಿದ್ದರೆ ಬಿಸ್ಕೆಟ್ ತಿಂದು ದಿನ ಕಳೆಯಬೇಕು.

ಅದೇ ರಜೆಯಲ್ಲಿ ಒಂದು ಒಳ್ಳೆಯ ದಿನವೂ ಇದೆ. ಮೇ ತಿಂಗಳ ಹುಣ್ಣಿಮೆ ಸುಮಾರಿಗೆ ಬುದ್ಧನ ಹಬ್ಬ ವೆಸಾಕ್ ಬರುತ್ತದೆ. ಬೀದಿ ತುಂಬ ಕಾಗದದ ದೀಪಗೂಡುಗಳು. ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಪುಕ್ಕಟೆ ಊಟ, ಪಾನಕ ಕೊಡುವ 'ದನ್ಸಲ್' ಇರುತ್ತವೆ. ದಾನಶಾಲೆ ಅನ್ನುವ ಪದವೇ ಅದು. ದಾಸೋಹ ಕಂಡ ಮಕ್ಕಳಿಗೆ ವಿವರಿಸುವುದೇ ಬೇಡ, ಸಾಲಿನಲ್ಲಿ ನಿಲ್ಲಿಸಿ ಸಾಕು.

ಪ್ರತಿ ಹುಣ್ಣಿಮೆಯೂ ಅಲ್ಲಿ 'ಪೋಯ' ರಜೆ. ವಿಹಾರಗಳಲ್ಲಿ ಜನ ಜಾಸ್ತಿ. ಕ್ಯಾಲೆಂಡರ್ ನೋಡಿಯೇ ದಿನ ಗೊತ್ತು ಮಾಡಿ.

ಒಣ ಸೀಮೆಗೆ ಮುಖ್ಯ ಮಳೆ ಬರುವುದು ಅಕ್ಟೋಬರ್‌ನಿಂದ ಜನವರಿವರೆಗೆ. ಹಾಗಾಗಿ ದಸರಾ ರಜೆಯಲ್ಲಿ ಕೆರೆಗಳು ಇಳಿದಿರುತ್ತವೆ. ನೀರು ಇಳಿದು ಹುಲ್ಲು ಬೆಳೆದ ಮಿನ್ನೇರಿಯ ಕೆರೆಯ ಅಂಗಳಕ್ಕೆ ಆ ಒಣ ತಿಂಗಳುಗಳಲ್ಲಿ ಆನೆಗಳು ಹಿಂಡು ಹಿಂಡಾಗಿ ಬರುತ್ತವೆ. ತುಂಬಿದ ಕೆರೆ ಬೇಕಾ, ಆನೆ ಬೇಕಾ ಅಂತ ಮಗುವನ್ನೇ ಕೇಳಿ.

ಹಂತ 4: ಕಾಗದಪತ್ರ

ಬೇಗ ಮುಗಿಸೋಣ. ಮಕ್ಕಳ ಪಾಸ್‌ಪೋರ್ಟ್‌ಗೆ ಸಾಮಾನ್ಯವಾಗಿ 5 ವರ್ಷ ಮಾತ್ರ ಅವಧಿ. ಅಪ್ಪ ಅಮ್ಮನದು 10 ವರ್ಷ. ನಿಮ್ಮದು ನೋಡಿ "ಇನ್ನೂ ಇದೆ" ಅಂದುಕೊಂಡು ಕೂತವರು ಏರ್‌ಪೋರ್ಟಿನಿಂದ ಹಿಂದಿರುಗಿದ್ದಾರೆ. ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ.

ಪ್ರವೇಶ ಅನುಮತಿಯ ನಿಯಮ ಮತ್ತು ಶುಲ್ಕ ಈಚಿನ ವರ್ಷಗಳಲ್ಲಿ ಹಲವು ಸಲ ಬದಲಾಗಿವೆ. ಟಿಕೆಟ್ ತೆಗೆಯುವ ವಾರ ಶ್ರೀಲಂಕಾ ಸರ್ಕಾರದ ಜಾಲತಾಣದಲ್ಲೇ ನೋಡಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ತಾಣಗಳು ಸುಮ್ನೆ ಜಾಸ್ತಿ ದುಡ್ಡು ಕೀಳುತ್ತವೆ. ಅಪ್ಪ ಅಥವಾ ಅಮ್ಮ ಒಬ್ಬರೇ ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ.

ಹಂತ 5: ನಕ್ಷೆಯಲ್ಲಿ ಹೊಡೆದು ಹಾಕುವ ಕೆಲಸ

ನೀವು ಬರೆದ ಜಾಗಗಳ ಪಟ್ಟಿ ತನ್ನಿ. ಪ್ರಶ್ನೆಗೆ ಸಂಬಂಧ ಇಲ್ಲದ್ದನ್ನೆಲ್ಲ ಹೊಡೆದು ಹಾಕಿ. ಕೈ ನಡುಗುತ್ತದೆ, ಗೊತ್ತು. ಬೆಟ್ಟದ ರೈಲಿಗೆ ಹೆಸರಾದ 'ಎಲ್ಲ' ಅನ್ನುವ ಊರು ಬಿಟ್ಟರೆ ಎಲ್ಲವನ್ನೂ ಬಿಟ್ಟ ಹಾಗೆ ಅನಿಸುತ್ತದೆ. (ಸಿಂಹಳದಲ್ಲಿ 'ಎಲ್ಲ' ಅಂದರೆ ಜಲಪಾತ.) ಆದರೂ ಬಿಡಿ.

ನಾವು ಉಳಿಸಿಕೊಂಡದ್ದು ಇಷ್ಟು. ನಾಲ್ಕು ರಾತ್ರಿ ದಂಬುಲ್ಲದಲ್ಲಿ, ಒಂದೇ ಮನೆಯಲ್ಲಿ. ಎರಡು ರಾತ್ರಿ ಕ್ಯಾಂಡಿಯಲ್ಲಿ. ವಿಮಾನ ನಿಲ್ದಾಣದಿಂದ ದಂಬುಲ್ಲಕ್ಕೆ ಕಾರಿನಲ್ಲಿ ನಾಲ್ಕು ತಾಸು ಹಿಡಿಯಿರಿ. ಅಲ್ಲಿಂದ ಸಿಗಿರಿಯಾ ಬಂಡೆ, ಕಲಾ ವೆವ ಕೆರೆ, ಅನುರಾಧಪುರ, ಪೊಳನ್ನರುವ ಎಲ್ಲವೂ ಬೆಳಗ್ಗೆ ಹೋಗಿ ಸಂಜೆ ಬರುವ ದೂರ.

ಒಂದೇ ಕಡೆ ನಾಲ್ಕು ರಾತ್ರಿ ಯಾಕೆ? ಮೂರನೇ ದಿನಕ್ಕೆ ಮನೆಯ ಯಜಮಾನಿ ಮಗುವನ್ನು ಹೆಸರು ಹಿಡಿದು ಕರೆಯುತ್ತಾರೆ. ನಾಲ್ಕನೇ ದಿನ ಅಡುಗೆಮನೆಗೆ ಬಿಟ್ಟುಕೊಳ್ಳುತ್ತಾರೆ. ಹೋಟೆಲ್ ಬದಲು ಹೋಮ್‌ಸ್ಟೇ ಆರಿಸಿ. ಪೂಲ್ ಇಲ್ಲದ್ದು!

ಹಂತ 6: ಚೀಲದಲ್ಲಿ ಏನಿರಬೇಕು

ಗೆರೆ ಇಲ್ಲದ ನೋಟ್‌ಬುಕ್, ಎರಡು ಪೆನ್ಸಿಲ್, ಕಾಗದದ ನಕ್ಷೆ. ಹತ್ತು ಮೀಟರ್ ಅಳೆದು ಗಂಟು ಹಾಕಿದ ದಾರ. ಸೆಕೆಂಡ್ ಮುಳ್ಳಿನ ಗಡಿಯಾರ. ಟಿಕೆಟ್, ಚೀಟಿ, ಬಿಸ್ಕೆಟ್ ಕವರ್ ಹಾಕಲು ಒಂದು ದೊಡ್ಡ ಲಕೋಟೆ. ಹಳೆಯ ಸಾಕ್ಸ್ ಎರಡು ಜೊತೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಓ.ಆರ್.ಎಸ್., ಸೊಳ್ಳೆ ಮುಲಾಮು. ಅಲ್ಲಿ ಮಲೇರಿಯಾ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ, ಆದರೆ ಡೆಂಗಿ ಇದೆ.

ಫೋಟೊ ತೆಗೆಯುವ ಕೆಲಸ ಮಗುವಿಗೆ ಕೊಡಬೇಡಿ. ಫೋಟೊ ತೆಗೆದ ತಕ್ಷಣ ನೋಡುವುದು ನಿಂತುಹೋಗುತ್ತದೆ. ದಿನಕ್ಕೆ ಒಂದು ಚಿತ್ರ ಬರೆಯಲಿ, ಸೊಟ್ಟಗಿದ್ದರೂ ಸರಿ.

ಹಂತ 7: ಇಪ್ಪತ್ತು ಪದ

ಎರಡು ವಾರ ಮೊದಲು ಶುರು ಮಾಡಿ. ದಿನಕ್ಕೆ ಎರಡು ಸಾಕು. ನಮ್ಮ ಮಕ್ಕಳಿಗೆ ಇದು ಆಟ, ಯಾಕಂದರೆ ಅರ್ಧ ಪದಗಳು ಗೊತ್ತಿದ್ದ ಹಾಗೇ ಇದ್ದು ಮೋಸ ಮಾಡುತ್ತವೆ. ಅಮ್ಮ ಅಲ್ಲೂ ಅಮ್ಮಾ. ಅಕ್ಕ ಅಲ್ಲೂ ಅಕ್ಕಾ. ತಂಗಿ 'ನಂಗಿ'. ಆದರೆ ಅಪ್ಪನನ್ನು 'ತಾತ್ತಾ' ಅನ್ನುತ್ತಾರೆ. 'ಆಪ್ಪ' ಅಂದರೆ ಬಟ್ಟಲಿನ ಆಕಾರದ ದೋಸೆ. ತಮ್ಮನಿಗೆ 'ಮಲ್ಲಿ'. "ತಾತ್ತಾ ಆಪ್ಪ ತಿಂದ" ಅಂತ ನಮ್ಮ ಮಗಳು ಕಾರಿನಲ್ಲಿ ಅರ್ಧ ತಾಸು ನಕ್ಕಳು.

ಮಿಕ್ಕವು: ನಮಸ್ಕಾರಕ್ಕೆ 'ಆಯುಬೋವನ್', ಆಯಸ್ಸು ಹೆಚ್ಚಲಿ ಅಂತ. ಧನ್ಯವಾದಕ್ಕೆ 'ಸ್ತೂತಿಯಿ'. ಎಷ್ಟು ಅನ್ನಲು 'ಕೀಯದ'. ನೀರು 'ವತುರ'. ಅನ್ನ 'ಬತ್'. ತೆಂಗಿನಕಾಯಿ 'ಪೊಲ್'. ಸಂತೆ 'ಪೊಳ'. ಕೆರೆ 'ವೆವ'. ಎಣಿಕೆ ಎಕ, ದೆಕ, ತುನ, ಹತರ, ಪಹ.

ತಮಿಳು ಬರುವ ಮನೆಯವರಾದರೆ ಅದೂ ಅಲ್ಲಿನ ಅಧಿಕೃತ ಭಾಷೆಯೇ. ಆದರೆ ಯಾರ ಜೊತೆ ಯಾವ ಭಾಷೆ ಅಂತ ಮೊದಲು ಕೇಳಿಸಿಕೊಂಡು ಆಮೇಲೆ ಮಾತಾಡಲಿ. ನೋಟಿನ ಮೇಲೆ ಸಿಂಹಳ, ತಮಿಳು, ಇಂಗ್ಲಿಷ್ ಮೂರೂ ಇರುತ್ತವೆ. ಮೂರು ಲಿಪಿ ಹುಡುಕುವುದು ಮೊದಲ ದಿನದ ಆಟ. ಸಿಂಹಳ ಅಕ್ಷರ ಕನ್ನಡದ ಹಾಗೆ ದುಂಡಗೆ ಯಾಕಿದೆ ಅಂತ ಕೇಳಿ. ತಾಳೆಗರಿಯ ಮೇಲೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ ಅನ್ನುವುದು ಸಾಮಾನ್ಯವಾಗಿ ಹೇಳುವ ಕಾರಣ. ಮನೆಯಲ್ಲೇ ಒಣಗಿದ ತೆಂಗಿನ ಗರಿ ತಂದು ಮೊಳೆಯಿಂದ ಗೀಚಿ ನೋಡಲಿ.

ಹಂತ 8: ನೀರಿನ ಜಾಡು, ಮೂರು ದಿನ

ಕ್ರಮ ಮುಖ್ಯ. ಜನ ನೇರ ಸಿಗಿರಿಯಾಕ್ಕೆ ಓಡುತ್ತಾರೆ. ಮೊದಲು ಕೆರೆ, ಆಮೇಲೆ ಕಾಲುವೆ, ಕೊನೆಗೆ ಬಂಡೆ. ಹೀಗೆ ಹೋದರೆ ಒಂದು ಕಥೆಯಾಗುತ್ತದೆ.

*ಮೊದಲ ದಿನ, ಕಲಾ ವೆವ.* 5ನೇ ಶತಮಾನದಲ್ಲಿ ಧಾತುಸೇನ ಅನ್ನುವ ರಾಜ ಕಟ್ಟಿಸಿದ ಕೆರೆ. ಏರಿಯ ಮೇಲೆ ನಡೆಯಿರಿ. ಏನೂ ಹೇಳಬೇಡಿ. "ತೂಬು ಎಲ್ಲಿರಬಹುದು?" ಅಂತ ಮಾತ್ರ ಕೇಳಿ. ನಿಮ್ಮೂರ ಕೆರೆ ನೋಡಿದ ಮಗು ಹುಡುಕಿಯೇ ಹುಡುಕುತ್ತದೆ. ಹಳೆಯ ಕೆರೆಗಳಲ್ಲಿ ಏರಿಯ ಒಳಗೆ ಕಲ್ಲು ಕಟ್ಟಿದ ಚೌಕದ ಬಾವಿಯಂಥದ್ದು ಇರುತ್ತದೆ. ಅದರ ಹೆಸರು ಬಿಸೋಕೊಟುವ. ನೀರಿನ ಒತ್ತಡ ತಗ್ಗಿಸಿ, ಬೇಕಾದಷ್ಟೇ ಹೊರಗೆ ಬಿಡುವ ಉಪಾಯ.

ಸಂಜೆ ಧಾತುಸೇನನ ಕಥೆ ಹೇಳಿ. ಅವನ ಮಗ ಕಶ್ಯಪ ಅಪ್ಪನನ್ನು ಸೆರೆ ಹಿಡಿದು "ನಿಧಿ ಎಲ್ಲಿ?" ಅಂತ ಕೇಳಿದನಂತೆ. ಅಪ್ಪ ಈ ಕೆರೆಗೆ ಕರೆತಂದು, ಬೊಗಸೆಯಲ್ಲಿ ನೀರು ತೋರಿಸಿ "ನನ್ನ ಆಸ್ತಿ ಇಷ್ಟೇ" ಅಂದನಂತೆ. ಮಗ ಅವನನ್ನು ಕೊಲ್ಲಿಸಿದ. ಅಲ್ಲಿನ ಹಳೆಯ ವಂಶಕಥೆಯಲ್ಲಿ ಇದು ಬರುತ್ತದೆ. ಕೊಲೆ ಇದೆ ಅಂತ ಕಥೆ ಬಿಡಬೇಡಿ, ಮಕ್ಕಳು ತಡೆದುಕೊಳ್ಳುತ್ತಾರೆ.

*ಎರಡನೇ ದಿನ, ಯೋಧ ಎಲ.* ಕಲಾ ವೆವದಿಂದ ಅನುರಾಧಪುರದ ತಿಸಾ ವೆವಕ್ಕೆ ನೀರು ಒಯ್ಯುವ ಸುಮಾರು 87 ಕಿಲೋಮೀಟರ್ ಕಾಲುವೆ. ಅದರ ಮೊದಲ ಭಾಗದಲ್ಲಿ ಇಳಿಜಾರು ಕಿಲೋಮೀಟರಿಗೆ ಸುಮಾರು 10 ಸೆಂಟಿಮೀಟರ್. ಅಂದರೆ ನಿಮ್ಮ ಹತ್ತು ಮೀಟರ್ ದಾರದ ಉದ್ದಕ್ಕೆ ಒಂದು ಮಿಲಿಮೀಟರ್!

ಈ ಲೆಕ್ಕವನ್ನು ಮಗು ತಾನೇ ಹಾಕಲಿ. ಆಮೇಲೆ ದಡದಲ್ಲಿ ದಾರ ಚಾಚಿ. ನೀವು ಮೇಲೆ ನಿಂತು ನೀರಿಗೆ ಒಂದು ಎಲೆ ಬಿಡಿ. ಹತ್ತು ಮೀಟರ್ ದಾಟಲು ಎಷ್ಟು ಸೆಕೆಂಡ್ ಅಂತ ಮಗು ಎಣಿಸಲಿ. ಮೂರು ಸಲ ಮಾಡಿ. ಊರಿಗೆ ಬಂದ ಮೇಲೆ ಮೇಸ್ತ್ರಿಯೊಬ್ಬರ ಹತ್ತಿರ ನೀರು ತುಂಬಿದ ಪಾರದರ್ಶಕ ಪೈಪ್ ಇಸ್ಕೊಂಡು ಮನೆಯ ಅಂಗಳದಲ್ಲಿ ಒಂದು ಮಿಲಿಮೀಟರ್ ಇಳಿಜಾರು ಹಿಡಿಯಲು ನೋಡಿ. ಒಂದೂವರೆ ಸಾವಿರ ವರ್ಷದ ಹಿಂದೆ ಅದನ್ನು ಹೇಗೆ ಹಿಡಿದರು ಅಂತ ನಿಮಗೂ ನಿದ್ದೆ ಬರುವುದಿಲ್ಲ.

*ಮೂರನೇ ದಿನ, ಸಿಗಿರಿಯಾ.* ಅಪ್ಪನನ್ನು ಕೊಲ್ಲಿಸಿದ ಕಶ್ಯಪ ಇಲ್ಲಿ, ಸುಮಾರು 180 ಮೀಟರ್ ಎತ್ತರದ ಬಂಡೆಯ ಮೇಲೆ ಅರಮನೆ ಕಟ್ಟಿಕೊಂಡ. 1200ರಷ್ಟು ಮೆಟ್ಟಿಲು. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಹತ್ತು ಗಂಟೆ ಮೇಲೆ ಕಲ್ಲು ಕಾಯುತ್ತದೆ. ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಭಾರತವೂ ಸೇರಿರುವ ಸಾರ್ಕ್ ಕೂಟದ ದೇಶದವರ ರಿಯಾಯಿತಿ ಕೇಳಿ. ಕೇಳದಿದ್ದರೆ ಪೂರ್ತಿ ದರ ಕಟ್ಟಿ ಬರುತ್ತೀರಿ.

ಮೇಲೆ ಹತ್ತುವ ಆತುರದಲ್ಲಿ ಕೆಳಗಿನ ನೀರಿನ ತೋಟ ದಾಟಿಬಿಡಬೇಡಿ. ಅಲ್ಲಿನ ಹಳೆಯ ಕಾರಂಜಿಗಳು ಒಳ್ಳೆ ಮಳೆ ಬಂದಾಗ ಈಗಲೂ ಚಿಮ್ಮುತ್ತವೆ. ಬಂಡೆಯ ತುದಿಯಲ್ಲೂ ಕೊಳ ಇದೆ. ಅಪ್ಪನ ಆಸ್ತಿ ನೀರು ಅಂತ ಕೇಳಿ ಸಿಟ್ಟಾದ ಮಗ ಕೊನೆಗೆ ಏನು ಮಾಡಿದ ಅಂತ ಕೇಳಿ. ಉತ್ತರ ನೀವು ಹೇಳಬೇಡಿ.

ನಡುವೆ ಕನ್ನಡಿ ಗೋಡೆ ಸಿಗುತ್ತದೆ. ಸಾವಿರ ವರ್ಷಕ್ಕೂ ಹಿಂದೆ ಬಂದ ಪ್ರವಾಸಿಗರು ಅಲ್ಲಿ ಪದ್ಯ ಗೀಚಿದ್ದಾರೆ. ಈಗ ಗೀಚಿದರೆ ಪೊಲೀಸ್ ಹಿಡಿಯುತ್ತಾರೆ. ಮಗು ತನ್ನ ಎರಡು ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ. ಹೆಜ್ಜೇನು, ಕಣಜದ ಎಚ್ಚರಿಕೆಯ ಫಲಕ ಇರುವ ಕಡೆ ಕಿರುಚಬಾರದು. ಇದನ್ನು ಕೆಳಗೇ ಹೇಳಿ ಹತ್ತಿಸಿ.

ನಾಲ್ಕನೇ ದಿನ ಉಳಿದರೆ ಪೊಳನ್ನರುವ. 12ನೇ ಶತಮಾನದ ರಾಜ ಒಂದನೇ ಪರಾಕ್ರಮಬಾಹು, ಆಕಾಶದಿಂದ ಬಿದ್ದ ಒಂದು ಹನಿಯೂ ಜನರಿಗೆ ಉಪಯೋಗ ಆಗದೆ ಸಮುದ್ರ ಸೇರಬಾರದು ಅಂದ ಅಂತ ಪ್ರತೀತಿ. ಅವನ ಕೆರೆಗೆ ಪರಾಕ್ರಮ ಸಮುದ್ರ ಅಂತಲೇ ಹೆಸರು. ಏರಿ ಸುಮಾರು 14 ಕಿಲೋಮೀಟರ್ ಉದ್ದ. ಸೈಕಲ್ ಬಾಡಿಗೆಗೆ ಸಿಗುತ್ತದೆ.

ಹಂತ 9: ಸಂತೆಯಲ್ಲಿ ಮಗುವಿಗೆ ದುಡ್ಡು ಕೊಡಿ

ವಾರದ 'ಪೊಳ' ಯಾವತ್ತು ಅಂತ ಹೋಮ್‌ಸ್ಟೇಯವರನ್ನು ಕೇಳಿ. ಮಗುವಿನ ಕೈಗೆ ಅಲ್ಲಿನ ಸಾವಿರ ರೂಪಾಯಿ ಕೊಡಿ. ನಮ್ಮ ಒಂದು ರೂಪಾಯಿಗೆ ಅವರದು ಮೂರಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಆ ದಿನದ ದರ ನೋಡಿ ಮಗುವೇ ಲೆಕ್ಕ ಹಾಕಲಿ. ಕೆಲಸ ಇಷ್ಟೇ: ಗೊತ್ತಿರುವ ಎರಡು ತರಕಾರಿ, ಗೊತ್ತಿಲ್ಲದ ಒಂದು ತರಬೇಕು. 'ಕೀಯದ' ಅಂತ ಅದೇ ಕೇಳಬೇಕು.

ಇಲ್ಲಿ ದೊಡ್ಡವರು ಮಾಡುವ ತಪ್ಪು ಒಂದೇ. ನಡುವೆ ಬಾಯಿ ಹಾಕುವುದು. ಹತ್ತು ಹೆಜ್ಜೆ ಹಿಂದೆ ನಿಲ್ಲಿ. ಹತ್ತು ರೂಪಾಯಿ ಮೋಸ ಹೋದರೆ ಹೋಗಲಿ.

ತಂದ ತರಕಾರಿಯನ್ನು ಮನೆಯವರ ಜೊತೆ ಅಡುಗೆ ಮಾಡಿಸಿ. ತೆಂಗಿನಕಾಯಿ ತುರಿದು, ಒಣಮೆಣಸು, ಈರುಳ್ಳಿ, ನಿಂಬೆಹುಳಿ ಹಾಕಿ ಅರೆದರೆ ಪೊಲ್ ಸಂಬೋಲ. ಕೆಲವರು ಒಣಮೀನು ಹಾಕುತ್ತಾರೆ, ಸಸ್ಯಾಹಾರಿಗಳು ಮೊದಲೇ ಹೇಳಿ.

ಹಂತ 10: ವಿಹಾರದ ಬಾಗಿಲಲ್ಲಿ

ಚಪ್ಪಲಿ, ಟೋಪಿ ಎರಡೂ ತೆಗೆಯಬೇಕು. ಮಧ್ಯಾಹ್ನ ಕಲ್ಲು ಸುಡುತ್ತದೆ, ಸಾಕ್ಸ್ ತಂದದ್ದು ಇದಕ್ಕೇ. ಭುಜ, ಮೊಣಕಾಲು ಮುಚ್ಚಿರಲಿ. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ನಿಂತು ಫೋಟೊ ತೆಗೆಸಿಕೊಳ್ಳಬಾರದು. ಸೆಲ್ಫಿ ಅಂದರೆ ಅದೇ ಆಗುತ್ತದೆ. ಅಲ್ಲಿನವರಿಗೆ ನಿಜಕ್ಕೂ ನೋವಾಗುತ್ತದೆ.

ಅನುರಾಧಪುರದಲ್ಲಿ ಬೋಧಿ ಮರದ ಮುಂದೆ ನಮ್ಮೂರಿನ ಒಂದು ನಂಟು ತೋರಿಸಬಹುದು. ಈ ಮರ ಬೆಳೆದ ಕೊಂಬೆಯನ್ನು ಭಾರತದಿಂದ ತಂದವಳು ಅಶೋಕನ ಮಗಳು ಸಂಘಮಿತ್ತೆ ಅಂತ ಅಲ್ಲಿನವರ ನಂಬಿಕೆ. ಅಶೋಕನ ಹೆಸರು ಕೊರೆದ ಶಾಸನ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿದೆ. ನಕ್ಷೆಯಲ್ಲಿ ಎರಡು ಚುಕ್ಕಿ ಇಟ್ಟು ಗೆರೆ ಎಳೆಯಲಿ.

ಹಂತ 11: ಉತ್ತರ ಕಷ್ಟವಾದ ಪ್ರಶ್ನೆ

ಯುದ್ಧದ ಬಗ್ಗೆ ಮಗು ಎಲ್ಲೋ ಕೇಳಿಸಿಕೊಂಡಿರುತ್ತದೆ. ಕೇಳಿಯೇ ಕೇಳುತ್ತದೆ. ಹೊರಡುವ ಮೊದಲೇ ಮನೆಯಲ್ಲಿ ಹೇಳಿ: 1983ರಿಂದ 2009ರವರೆಗೆ ಅಲ್ಲಿ ಒಳಯುದ್ಧ ನಡೆಯಿತು, ಸಿಂಹಳರು, ತಮಿಳರು, ಮುಸ್ಲಿಮರು ಎಲ್ಲರ ಮನೆಯಲ್ಲೂ ಸಾವಾಗಿದೆ. ನೀವು ಭೇಟಿ ಮಾಡುವ ನಲವತ್ತು ದಾಟಿದ ಪ್ರತಿಯೊಬ್ಬರೂ ಅದನ್ನು ಕಂಡವರು. ಅವರಾಗಿ ಮಾತು ತೆಗೆದರೆ ಕೇಳಿಸಿಕೊಳ್ಳಬೇಕು, ನಾವು ಕೆದಕಬಾರದು. ಕ್ರಿಕೆಟ್ ಬಗ್ಗೆ ಎಷ್ಟು ಬೇಕಾದರೂ ಕೆದಕಬಹುದು.

ರಾವಣನ ವಿಚಾರದಲ್ಲೂ ಹುಷಾರು. ನಮ್ಮಲ್ಲಿ ಅವನು ಖಳ. ಅಲ್ಲಿ ಅವನನ್ನು ಹೆಮ್ಮೆಯಿಂದ ನೆನೆಯುವವರು ಬಹಳ. "ಅವರು ಹೇಳುವ ಕಥೆ ಬೇರೆ ಇರಬಹುದು, ಕೇಳೋಣ" ಅಂತ ಮಗುವಿಗೆ ಮೊದಲೇ ಹೇಳಿಡಿ.

ಇವು ಕಂಡರೆ ಅಲ್ಲೇ ನಿಲ್ಲಿಸಿ

ಮಗು "ಇನ್ನೆಷ್ಟು ಜಾಗ ಇದೆ?" ಅಂತ ಕೇಳಿದರೆ ಆ ದಿನದ ಮಿಕ್ಕ ಜಾಗ ರದ್ದು ಮಾಡಿ. ನೀವೇ ಬೋರ್ಡ್ ಓದಿ ಓದಿ ವಿವರಿಸುತ್ತಿದ್ದರೆ ಬಾಯಿ ಮುಚ್ಚಿ. ಚಿತ್ರದ ಬದಲು "ಇಂದು ನಾವು ಸಿಗಿರಿಯಾಕ್ಕೆ ಹೋದೆವು, ತುಂಬಾ ಚೆನ್ನಾಗಿತ್ತು" ಅಂತ ಬರೆದಿದ್ದರೆ ಅದು ನಿಮ್ಮ ಭಯಕ್ಕೆ ಬರೆದದ್ದು. ಒಂದು ದಿನ ಬರೆಯುವುದಕ್ಕೇ ರಜೆ ಕೊಡಿ.

ದೇಹದ ಲಕ್ಷಣ ಬೇರೆ. ಮೂತ್ರ ಗಾಢ ಹಳದಿ, ತಲೆನೋವು, ಸುಮ್ಮನಾಗುವುದು ಅಂದರೆ ನೆರಳು, ಓ.ಆರ್.ಎಸ್. ಜ್ವರ ಬಂದರೆ ವೈದ್ಯರನ್ನು ಕಾಣಿ. ನಾಯಿ, ಕೋತಿ ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ. ಆಂಬುಲೆನ್ಸ್ 1990, ಪೊಲೀಸ್ 119. ಇವನ್ನು ಮಗುವಿನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿ.

ಕೆರೆಗೆ ಇಳಿಯುವುದು ಬೇಡ. ಅಲ್ಲಿನ ಕೆರೆಗಳಲ್ಲಿ ಮೊಸಳೆ ಇರುತ್ತವೆ. ಊರವರು ಸ್ನಾನ ಮಾಡುತ್ತಿದ್ದರೂ ಬೇಡ, ಅವರಿಗೆ ಜಾಗ ಗೊತ್ತು. ಹಬರಣ, ಮಿನ್ನೇರಿಯ ಕಡೆ ಕತ್ತಲಾದ ಮೇಲೆ ರಸ್ತೆಯಲ್ಲಿ ಆನೆ ಬರುತ್ತದೆ. ಸೂರ್ಯ ಮುಳುಗುವ ಮೊದಲೇ ಮನೆ ಸೇರಿ.

ಹಂತ 12: ಬಂದ ಒಂದು ವಾರದೊಳಗೆ

ತಡ ಮಾಡಿದರೆ ಲಕೋಟೆ ಅಟ್ಟಕ್ಕೆ ಹೋಗುತ್ತದೆ. ಮೊದಲ ಭಾನುವಾರವೇ ನೆಲದ ಮೇಲೆ ಎಲ್ಲ ಹರಡಿ. ನಕ್ಷೆ, ಟಿಕೆಟ್, ಎಲೆಯ ಸೆಕೆಂಡ್ ಲೆಕ್ಕ, ಚಿತ್ರಗಳು. ಮೊದಲ ಹಂತದ ಪ್ರಶ್ನೆಯನ್ನು ಮತ್ತೆ ಕೇಳಿ. ಉತ್ತರ ಮಗುವಿನ ಮಾತಿನಲ್ಲೇ ಇರಲಿ, ತಿದ್ದಬೇಡಿ. ಶಾಲೆಗೆ ಪ್ರಾಜೆಕ್ಟ್ ಮಾಡಿಸುವ ಆಸೆ ಬರುತ್ತದೆ. ಮಗು ಕೇಳಿದರೆ ಮಾತ್ರ ಮಾಡಿಸಿ.

ಆಮೇಲೆ ಎರಡನೇ ಹಂತದ ಆ ಕೆರೆಗೆ ಇನ್ನೊಮ್ಮೆ ಹೋಗಿ, ಬಿಸೋಕೊಟುವದ ಚಿತ್ರ ತೆಗೆದುಕೊಂಡು. ನಮ್ಮ ಮಗಳು ಅದನ್ನು ಆ ಊರಿನ ಹಿರಿಯರಿಗೆ ತೋರಿಸಿದಳು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಇದ್ರಲ್ಲಿ ಹೂಳು ಹೆಂಗೆ ತೆಗೀತಾರವ್ವ?" ಅಂದರು. ಅವಳಿಗೆ ಗೊತ್ತಿರಲಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಳು.